ಕೇಳಕ್ಕ ಮೊದಲ ಪೆಟ್ಟಿಗೆಯಲ್ಲಿದ್ದ ಮಳೆಗಾಲ

ಹೋದ ತಿಂಗಳು ಮಳವಳ್ಳಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಮದ್ದೂರಿನ ಬಸ್ಸು ಹತ್ತಿದ್ದೆ. ನಡುವೆ ಬಸ್ಸು ಭಾರತೀನಗರದಲ್ಲಿ ನಿಂತಿತು. ಬೋರ್ಡಿನ ಮೇಲೆ ಭಾರತೀನಗರ ಎಂದಿದ್ದರೂ ಎಲ್ಲರ ಬಾಯಲ್ಲೂ ಅದು ದೊಡ್ಡಿಯೇ. ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ವಾಸನೆ ಒಳಗೆ ನುಗ್ಗಿತು. ಅರ್ಧ ಬೆಲ್ಲದ ಪಾಕ, ಅರ್ಧ ಹುಳಿತದ್ದು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಂದು ಸಲ ಉಸಿರೆಳೆದುಕೊಂಡೆ. ಮದುವೆಯ ಊಟ ಹೊಟ್ಟೆಯಲ್ಲಿತ್ತು, ರೇಷ್ಮೆ ಸೀರೆ ಬೆವರಿನಲ್ಲಿ ಅಂಟಿಕೊಂಡಿತ್ತು, ಮನೆಗೆ ಹೋಗಿ ಕಾಲು ಚಾಚಿದರೆ ಸಾಕೆನಿಸಿತ್ತು. ಆದರೂ ಚೀಲ ಎತ್ತಿಕೊಂಡು ಇಳಿದುಬಿಟ್ಟೆ.

ಆ ವಾಸನೆಯಲ್ಲಿ ನನ್ನ ಒಂದು ಮಳೆಗಾಲವಿದೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಮಂಡ್ಯದಲ್ಲಿ ದೇವಸ್ಥಾನದ ಅರ್ಚಕರು. ಮಗಳು ಬಿ.ಎಡ್. ಮಾಡಿ ಮೇಡಮ್ಮಾಗಲಿ ಎಂಬುದು ಅವರ ಆಸೆ. ನನಗೋ ಪಾಠ ಹೇಳುವಷ್ಟು ತಾಳ್ಮೆ ಇರಲಿಲ್ಲ, ಈಗಲೂ ಇಲ್ಲ. ಗೆಳತಿಯೊಬ್ಬಳು ಬೆಂಗಳೂರಿನಲ್ಲಿ ಯಾವುದೋ ಸಣ್ಣ ಕಂಪನಿಗೆ ಕನ್ನಡ ಚೆನ್ನಾಗಿ ಓದುವವರು ಬೇಕಂತೆ ಎಂದಳು. ಹೋದೆ. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಸೆಕೆಯ ಕೋಣೆಯಲ್ಲಿ ಕೂರಿಸಿ, ವಾಕ್ಯದ ಮೇಲೆ ವಾಕ್ಯ ಓದಿಸಿದರು. ಗಂಟಲು ಬಿದ್ದುಹೋಗುವ ತನಕ ಓದಿದೆ. ಹಾಗೆ ಹುಟ್ಟಿದ್ದು ಕೇಳಕ್ಕ.

ಕೇಳಕ್ಕ ಎಂದರೆ ನಮ್ಮ ಕಂಪನಿಯ ಸರ್ಚ್ ಇಂಜಿನ್. ಬರೆಯುವ ಕೆಲಸವಿಲ್ಲ. ಪೆಟ್ಟಿಗೆಯ ಮೇಲೆ ಬೆರಳಿಟ್ಟರೆ ನನ್ನ ದನಿಯಲ್ಲಿ "ಹೇಳಿ, ಏನು ಬೇಕಿತ್ತು" ಎನ್ನುತ್ತಿತ್ತು. ಕನ್ನಡದಲ್ಲಿ ಕೇಳಿದರೆ ಹುಡುಕಿ, ಸಿಕ್ಕಿದ್ದನ್ನು ಅದೇ ದನಿಯಲ್ಲಿ ಓದಿ ಹೇಳುತ್ತಿತ್ತು. ನಮ್ಮ ಯಜಮಾನ ರಘು ಸರ್ ಹಿಂದೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಕೈಯಲ್ಲಿದ್ದದ್ದನ್ನೆಲ್ಲ ಇದಕ್ಕೆ ಸುರಿದಿದ್ದರು. ಓದಲು ಬಾರದವರಿಗೂ ಹುಡುಕಲು ಬರಬೇಕು ಎಂಬುದು ಅವರ ಹಟ.

ಹುಡುಕುವುದೇನೋ ಸರಿ, ಜನ ಅದನ್ನು ತೆರೆಯಬೇಕಲ್ಲ. ಫೋನಿನಲ್ಲಿ ಬ್ರೌಸರ್ ತೆರೆದರೆ ಮೇಲೊಂದು ಉದ್ದನೆಯ ಖಾಲಿ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಕೇಳಿದ್ದು ಯಾವ ಸರ್ಚ್ ಇಂಜಿನ್‌ಗೆ ಹೋಗಬೇಕು ಎಂಬುದನ್ನು ನಮಗಿಂತ ಮೊದಲೇ ಯಾರೋ ನಿಶ್ಚಯ ಮಾಡಿಟ್ಟಿರುತ್ತಾರೆ. ಅದಕ್ಕೇ ಡಿಫಾಲ್ಟ್ ಎನ್ನುತ್ತಾರೆ. ಬದಲಾಯಿಸಲು ದಾರಿ ಇದೆ, ಆದರೆ ಬದಲಾಯಿಸುವವರು ಎಲ್ಲಿದ್ದಾರೆ? ಅದಕ್ಕೇ ಆ ಜಾಗಕ್ಕೆ ದೊಡ್ಡ ದೊಡ್ಡ ಕಂಪನಿಗಳು ಮುಗಿಬೀಳುತ್ತವೆ. ನಮ್ಮ ಕಡೆ ಹೊಸ ಫೋನನ್ನು ಸಿದ್ಧ ಮಾಡಿ ಕೊಡುವುದು ಅಂಗಡಿಯವರೇ. ಕೊಂಡವರು ಅಂಗಡಿಯವರು ಇಟ್ಟದ್ದನ್ನು ಮುಟ್ಟುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಮೊಬೈಲ್ ಅಂಗಡಿಗಳಿಗೆ ಹೋಗಿ, ಮೊದಲ ಪೆಟ್ಟಿಗೆಯಲ್ಲಿ ಕೇಳಕ್ಕನನ್ನು ಕೂರಿಸುವಂತೆ ಒಪ್ಪಿಸು ಎಂದು ರಘು ಸರ್ ನನ್ನನ್ನು ವಾಪಸು ಕಳಿಸಿದರು. ದುಡ್ಡು ಹಾಕುವವರು ಗಡುವು ಕೊಟ್ಟಿದ್ದರು. ಆಯುಧಪೂಜೆಯ ಹೊತ್ತಿಗೆ ಈ ಮೂರು ತಾಲ್ಲೂಕಿನಲ್ಲಿ ಜನ ಕೇಳಕ್ಕನನ್ನು ಉಳಿಸಿಕೊಂಡಿದ್ದರೆ ಕಂಪನಿ ನಡೆಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುವುದೇ.

ಬರೀ ಕೆಲಸವಾಗಿದ್ದರೆ ಹೋದರೆ ಹೋಯಿತು ಎನ್ನುತ್ತಿದ್ದೆನೇನೋ. ಅದರೊಳಗೆ ಇದ್ದದ್ದು ನನ್ನ ದನಿ. ಅದು ಯಾರಿಗೂ ಬೇಡವಾದರೆ ಎಂದು ನೆನೆದರೇ ಸಂಕಟವಾಗುತ್ತಿತ್ತು.

ಆ ವರ್ಷ ಮಳೆ ಬೇಗ ಹಿಡಿದಿತ್ತು. ನಾಲೆಯಲ್ಲಿ ನೀರು, ಗದ್ದೆಯಲ್ಲಿ ನಾಟಿ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು. ಆ ಟ್ರ್ಯಾಕ್ಟರಿನ ಹಿಂದೆ ಬಸ್ಸು ಸಿಕ್ಕಿಕೊಂಡರೆ ಮುಗಿಯಿತು. ಕೊಡೆ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದೆ. ಹೋದಲ್ಲೆಲ್ಲ ನನಗಿಂತ ಮೊದಲೇ ಪ್ರಕಾಶ ಹೋಗಿರುತ್ತಿದ್ದ. ಅವನು ಇನ್ನೊಂದು ದೊಡ್ಡ ಸರ್ಚ್ ಕಂಪನಿಯ ಕಡೆಯವನು. ಬೈಕಿನ ಹಿಂದೆ ಅಂಗಡಿಯವರಿಗೆ ಕೊಡಲು ಗೋಡೆ ಗಡಿಯಾರದ ಡಬ್ಬಗಳು, ಬ್ಯಾಗಿನಲ್ಲಿ ಕಂಪನಿಯ ಹೆಸರಿನ ಟೀ ಶರ್ಟು. ನನ್ನ ಹತ್ತಿರ ಇದ್ದದ್ದು ನನ್ನ ಬಾಯಿ ಒಂದೇ.

ಕಿರುಗಾವಲಿನಲ್ಲಿ ಒಂದು ದಿನ ಇಬ್ಬರೂ ಒಂದೇ ಹೋಟೆಲಿನಲ್ಲಿ ಸಿಕ್ಕಿಬಿದ್ದೆವು. ಎದುರಿಗೇ ಬಸ್ಸು ನಿಂತಿತ್ತು. ಜನ ಇಳಿದು ಕಾಫಿ ಕುಡಿಯುತ್ತಿದ್ದರು. ಡ್ರೈವರ್, ಕಂಡಕ್ಟರ್ ಒಳಗಿನ ಮೇಜಿನಲ್ಲಿ ಮಸಾಲೆ ದೋಸೆ ತಿಂದು ಬಿಲ್ಲಿನ ಗೊಡವೆಯಿಲ್ಲದೆ ಕೈ ತೊಳೆದು ಹೊರಟರು. ಪ್ರಕಾಶ ನಕ್ಕ.

"ನೋಡಿದ್ರಾ ಮೇಡಂ? ಅವ್ರಿಬ್ರಿಗೆ ಪುಗಸಟ್ಟೆ ದೋಸೆ ಕೊಟ್ರೆ ಬಸ್ಸು ಇಲ್ಲೇ ನಿಲ್ತದೆ. ಬಸ್ಸು ನಿಂತ್ ಕಡೆ ಜನ ಇಳೀತಾರೆ. ನಾವು ಮಾಡ್ತಿರೋದೂ ಇದೇಯ."

"ಅಲ್ಲಿ ಮೂಲೇಲಿರೋ ಹೋಟ್ಲಲ್ಲಿ ಇದಕ್ಕಿಂತ ಒಳ್ಳೆ ದೋಸೆ ಸಿಗುತ್ತೆ," ಎಂದೆ ನಾನು.

"ಸಿಗ್ತದೆ. ಯಾರ್ ಓಯ್ತಾರೆ ಅಲ್ಲಿಗಂಟ?"

ನನಗೆ ಮೈ ಉರಿದುಹೋಯಿತು. ಆದರೆ ಮನುಷ್ಯ ಕೆಟ್ಟವನಲ್ಲ. ಮಳೆ ಜೋರಾದಾಗ ನನ್ನನ್ನು ಬಸ್‌ಸ್ಟ್ಯಾಂಡಿನ ತನಕ ಬಿಟ್ಟು, ತಾನು ನೆನೆದುಕೊಂಡು ಹೋದ. ಅವನಿಗೂ ಆಯುಧಪೂಜೆಯ ಗಡುವೇ ಇತ್ತೆಂದು ದಾರಿಯಲ್ಲಿ ಹೇಳಿದ.

ದೊಡ್ಡಿಯ ಬಸ್‌ಸ್ಟ್ಯಾಂಡಿನ ಎದುರು ಜಯಕ್ಕನ ಅಂಗಡಿ. ಜಯಕ್ಕ ಕೊತ್ತತ್ತಿಯ ಮಗಳು, ದೊಡ್ಡಿಯ ಸೊಸೆ. ಗಂಡ ಕಬ್ಬಿನ ಗದ್ದೆ ನೋಡಿಕೊಂಡರೆ ಈಕೆ ಮೊಬೈಲ್ ಅಂಗಡಿ ನೋಡಿಕೊಳ್ಳುತ್ತಿದ್ದಳು. ಕಾಲೇಜು ಹುಡುಗಿಯರಿಂದ ಹಿಡಿದು ಕಬ್ಬು ಕಡಿಯುವವರ ತನಕ ಎಲ್ಲರೂ ಅವಳಲ್ಲಿಗೇ ಬರುತ್ತಿದ್ದರು. ಹೊಸ ಫೋನನ್ನು ಹಾಗೇ ಕೊಡುತ್ತಿರಲಿಲ್ಲ. ಬಟ್ಟಲಿನಲ್ಲಿ ಕಲಸಿಟ್ಟ ಅರಿಸಿನವನ್ನು ಫೋನಿನ ಕೆಳಗಡೆ ಅಂಚಿಗೆ ಹಚ್ಚಿ, ಮೇಲೊಂದು ಕುಂಕುಮವಿಟ್ಟು, ಗಣಪತಿ ಪಟಕ್ಕೆ ತೋರಿಸಿ, "ಒಳ್ಳೇದಾಗ್ಲಿ, ತಕೋ" ಎಂದು ಎರಡು ಕೈಯಲ್ಲಿ ಕೊಡುತ್ತಿದ್ದಳು. ತವರಿನವರೂ ಅಷ್ಟು ದೂರದಿಂದ ಬಸ್ಸು ಹತ್ತಿ ಬರುತ್ತಿದ್ದದ್ದು ಅದಕ್ಕೇ.

ನಾನು ಹೋದಾಗ ಜಯಕ್ಕ ಮಾತು ಪೂರ್ತಿ ಕೇಳದೆ ಕೈಯಾಡಿಸಿದಳು.

"ಆ ಪ್ರಕಾಸಪ್ಪ ಲೈಟಿನ ಬೋರ್ಡ್ ಹಾಕುಸ್ಕೊಡ್ತೀನಿ ಅಂದವ್ನೆ ಕಣಮ್ಮ. ನೀನೇನ್ ಕೊಟ್ಟೀಯೆ?"

"ನಮ್ಮ ಕಂಪನಿಯಲ್ಲಿ ಅಷ್ಟೆಲ್ಲ ಇಲ್ಲಕ್ಕ."

"ಮತ್ಯಾಕವ್ವ ಬಂದೆ, ಈ ಮಳೇಲಿ?"

ಅವಳ ಅಂಗಡಿಯ ಬೋರ್ಡು ಬಿಸಿಲಿಗೆ ಬಿಳಿಚಿಕೊಂಡು, ಹೆಸರಿನ ಅರ್ಧ ಅಕ್ಷರಗಳು ಹೋಗಿದ್ದವು. ನಾನಾಗಿದ್ದರೂ ಲೈಟಿನ ಬೋರ್ಡನ್ನೇ ಒಪ್ಪುತ್ತಿದ್ದೆ. ಎದ್ದು ಹೊರಡುವ ಹೊತ್ತಿಗೆ ಮುದುಕಿಯೊಬ್ಬರು ನೆನೆದ ಸೀರೆಯಲ್ಲಿ ಒಳಗೆ ಬಂದರು. ಕೊತ್ತತ್ತಿಯ ನಿಂಗಮ್ಮ. ಜಯಕ್ಕನಿಗೆ ವರಸೆಯಲ್ಲಿ ದೊಡ್ಡವ್ವ. ಹಾಲಿನ ಡೇರಿಯಲ್ಲಿ ಬಗ್ಗಿದಾಗ ಎದೆಯ ಹತ್ತಿರ ಸಿಕ್ಕಿಸಿಕೊಂಡಿದ್ದ ಗುಂಡಿ ಫೋನು ಹಾಲಿನ ಕ್ಯಾನಿಗೇ ಬಿದ್ದಿತಂತೆ. "ಡೇರಿ ಸೆಕ್ರೆಟ್ರಿ ಕ್ಯಾನ್ ಹಾಲ್ನೆಲ್ಲ ಚೆಲ್ಬುಟ್ಟ ಕಣೆ, ಊರೆಲ್ಲ ನನ್ನೇ ಬೈತು" ಎಂದು ತಾವೇ ನಗುತ್ತ ಕುಳಿತರು. ಮನೆ ತುಂಬ ಮಕ್ಕಳು ಸೊಸೆಯರಿದ್ದರು. ಆದರೆ ಏನಾದರೂ ಕೇಳಿದರೆ "ಆಮೇಲೆ ನೋಡವ ಇರವ್ವ" ಎನ್ನುತ್ತಾರೆ, ತನಗೆ ಓದಲು ಬರುವುದಿಲ್ಲ, ಕೇಳಿದ್ದಕ್ಕೆ ಆಗಲೇ ಹೇಳುವಂಥ ಫೋನು ಇದ್ದರೆ ಕೊಡು ಎಂದು ಜಯಕ್ಕನನ್ನು ಕೇಳಿದರು.

ನಾನು ನನ್ನ ಫೋನು ಮುಂದಿಟ್ಟೆ. ಬೆರಳಿಡಿ ಎಂದೆ. "ಹೇಳಿ, ಏನು ಬೇಕಿತ್ತು" ಎಂದಿತು ಕೇಳಕ್ಕ.

ನಿಂಗಮ್ಮ ಎದುರಿಗೆ ಹೆಂಗಸು ಕುಳಿತಿದ್ದಾಳೆಂಬಂತೆ ಸೆರಗು ಸರಿಮಾಡಿಕೊಂಡರು. "ಏನಿಲ್ಲ ಕಣವ್ವ, ನಮ್ಮ ಅಸ ಎರಡ್ ದಿವ್ಸದಿಂದ ಮೇವು ಮುಟ್ಟಿಲ್ಲ. ಏನ್ ಮಾಡ್ಲಿ?"

ಮೈ ಬಿಸಿ ಇದೆಯೇ ನೋಡಿ, ಹೊಟ್ಟೆ ಉಬ್ಬಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ ಎಂದು ನನ್ನ ದನಿ ಹೇಳಿತು. ನಿಂಗಮ್ಮ ಫೋನನ್ನೂ ನನ್ನ ಮುಖವನ್ನೂ ನೋಡಿದರು.

"ಇದ್ರೊಳಗಿರೋಳೂ ನೀನೇನಾ?"

"ದನಿ ಮಾತ್ರ ನಂದು ಅಜ್ಜಿ."

"ದನಿ ಇದ್ಮ್ಯಾಕೆ ನೀನೇಯ. ಜಯಾ, ಇವ್ಳನ್ನೇ ಆಕ್ಕೊಡು ನಂಗೆ."

ಜಯಕ್ಕ ಬಾಗಿಲಿನಿಂದಾಚೆ ಬೋರ್ಡಿನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಬೋರ್ಡ್ ಮನೆ ಆಳಾಗ್ಲಿ ಬುಡು. ನಮ್ಮ ದೊಡ್ಡವ್ವನಂಥೋರು ಎಷ್ಟೊಂದ್ ಜನ ಬತ್ತಾರೆ. ನಿಮ್ದೇ ಮಡಗ್ತೀನಿ. ನನ್ ಮಾತ್ಗೆ ತಕೋತಾರೆ, ನನ್ ಮಾತ್ ಕೆಡುಸ್ಬ್ಯಾಡ ಅಷ್ಟೇಯ" ಎಂದಳು. ಆ ದಿನ ದೊಡ್ಡಿಯಿಂದ ಮಂಡ್ಯಕ್ಕೆ ನಿಂತುಕೊಂಡೇ ಬಂದೆ, ಸುಸ್ತೇ ಗೊತ್ತಾಗಲಿಲ್ಲ.

ವರಮಹಾಲಕ್ಷ್ಮಿ ಹಬ್ಬ ಕಳೆಯಿತು, ಗೌರಿ ಗಣೇಶ ಕಳೆಯಿತು. ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಕೇಳಕ್ಕ ನಿಧಾನವಾಗಿ ನೆಲೆಯೂರುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಫೋನು ಹೋಗಿದ್ದ ದೊಡ್ಡಿಯಲ್ಲೇ ಕೈಕೊಟ್ಟಳು. ಕೊಂಡವರು ಕೆಲವೇ ದಿನಕ್ಕೆ ವಾಪಸು ಬಂದು ಬೇರೆಯದನ್ನು ಹಾಕಿಸಿಕೊಳ್ಳುತ್ತಿದ್ದರು. ಕೇಳಕ್ಕನಿಗೆ ಕಿವಿ ಕೇಳುವುದಿಲ್ಲ ಎಂಬುದು ಎಲ್ಲರ ದೂರು. ಪ್ರಕಾಶನ ಸರ್ಚ್‌ನಲ್ಲಿ ಜನ ಬೆರಳಿನಿಂದ ಒತ್ತಿ ಹುಡುಕುತ್ತಿದ್ದರು, ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ರಘು ಸರ್ ಬೆಂಗಳೂರಿನಲ್ಲಿ ಕುಳಿತು ಎಲ್ಲ ಪರೀಕ್ಷೆ ಮಾಡಿದರು, ತಪ್ಪು ಸಿಗಲಿಲ್ಲ.

"ಬಹುಶಃ ಆ ಕಡೆಯವರ ಮಾತಿನ ಧಾಟಿ ನಮ್ಮ ಯಂತ್ರಕ್ಕೆ ಹತ್ತುತ್ತಿಲ್ಲ, ಸುಧಾ. ದೊಡ್ಡಿ ಬಿಟ್ಟುಬಿಡೋಣ," ಎಂದರು ಫೋನಿನಲ್ಲಿ.

"ಮದ್ದೂರಿನವರ ಧಾಟಿ ಹತ್ತುತ್ತೆ, ಮಳವಳ್ಳಿಯವರದು ಹತ್ತುತ್ತೆ, ನಡುವೆ ಇರೋ ದೊಡ್ಡಿಯವರು ಏನು ಬೇರೆ ಲೋಕದಿಂದ ಬಂದವರಾ ಸರ್?" ಎಂದು ಗದರಿಬಿಟ್ಟೆ.

ಜಯಕ್ಕನ ಮುಖ ನೋಡುವುದೇ ಕಷ್ಟವಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನು ಹೋದಾಗ ಕೂರು ಎನ್ನುವಳು, ಟೀ ತರಿಸುವಳು, ಬಂದವರಿಗೆ ತಲೆ ಬಗ್ಗಿಸಿಕೊಂಡು ಪ್ರಕಾಶನ ಸರ್ಚ್ ಹಾಕಿಕೊಡುವಳು. ಅವಳ ಮಾತು ನನ್ನಿಂದ ಕೆಟ್ಟಿತಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಪಿತೃಪಕ್ಷದಲ್ಲಿ ವ್ಯಾಪಾರ ತಣ್ಣಗಿರುತ್ತದೆ. ಅಂಥ ಒಂದು ಮಧ್ಯಾಹ್ನ ನಿಂಗಮ್ಮ ಬಂದರು. ಫೋನು ನನ್ನ ಕೈಗಿಟ್ಟು, "ನನ್ಮ್ಯಾಲೆ ಕ್ವಾಪ ಏನವ್ವ ನಿಂಗೆ? ನೀನ್ ಮಾತಾಡ್ತೀಯೆ, ನಾನಂದಿದ್ದು ಕೇಳುಸ್ಕೊಳಾಕಿಲ್ಲ. ಗಂಟ್ಲು ಅರ್ಕೊಂಡ್ರೂವೆ ಕೇಳಾಕಿಲ್ಲ" ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ. ನಿಜಕ್ಕೂ ನೊಂದಿದ್ದರು.

ನನಗೆ ಕಣ್ಣು ತುಂಬಿ ಬಂತು. ಮುಖ ತೋರಿಸಬಾರದೆಂದು ಫೋನನ್ನು ಬಗ್ಗಿ ನೋಡುತ್ತ ನಿಂತೆ. ಕೆಳಗಡೆ ಅಂಚಿನಲ್ಲಿ ಹಳದಿ ಬಣ್ಣದ ಗಟ್ಟಿ ಪದರ, ಮೇಲೆ ಕೆಂಪು. ಮಾತು ಒಳಗೆ ಹೋಗುವ ಸಣ್ಣ ತೂತು ಇರುವುದೇ ಅಲ್ಲಿ. ಅರಿಸಿನ ಒಣಗಿ ಗಾರೆಯಂತೆ ಕೂತುಬಿಟ್ಟಿತ್ತು. ಅಂಗಡಿಯಲ್ಲಿದ್ದ ಸಿಮ್ ಪಿನ್ನು ತೆಗೆದುಕೊಂಡು ಹಗುರವಾಗಿ ಕೆರೆದೆ. ಪುಡಿ ಉದುರಿತು. ನಿಂಗಮ್ಮನ ಬಾಯಿಯ ಹತ್ತಿರ ಹಿಡಿದೆ.

"ಇವತ್ತು ಯಾವ್ ತಿಥಿ?" ಎಂದರು ಅವರು, ನಂಬಿಕೆಯಿಲ್ಲದೆ, ಮೆಲ್ಲಗೆ.

ಕೇಳಕ್ಕ ತಿಥಿ ಹೇಳಿದಳು.

ತಿರುಗಿ ನೋಡಿದೆ. ಜಯಕ್ಕ ಹೊಸ ಫೋನೊಂದನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳನ್ನು ಅರಿಸಿನದ ಬಟ್ಟಲಿಗೆ ಅದ್ದಿ ಹಾಗೇ ನಿಂತಿದ್ದಳು.

"ಫೋನ್ ಮಾಡ್ದಾಗ್ಲೂ ಆ ಕಡೆಯವ್ರಿಗೆ ಕೇಳ್ತಿರ್ಲಿಲ್ವಲ್ಲ, ಯಾರೂ ಏನೂ ಅನ್ನಲಿಲ್ವಾ?" ಎಂದೆ.

"ಟವರ್ ಸರಿಯಾಗಿಲ್ಲ ಅನ್ಕೊಂಡು ಕಿರುಚ್ಕೊಂಡವ್ರೆ," ಎಂದಳು ಜಯಕ್ಕ. ಬಟ್ಟಲು ಕೆಳಗಿಟ್ಟಳು. "ಅಂಗಾರೆ ಕೆಡುಸ್ದೋಳು ನಾನೇಯ. ಇನ್ಮ್ಯಾಕೆ ಅರಿಸ್ನ ಕುಂಕ್ಮನೇ ಬ್ಯಾಡ ಬುಡು."

"ಅದ್ಯಾಕ್ ಬ್ಯಾಡ?" ನಿಂಗಮ್ಮ ಗದರಿಕೊಂಡರು. "ಎತ್ತಿಗೆ ಅಣೆಗ್ ಇಕ್ತೀವಿ, ಬಾಯ್ಗೆ ಇಕ್ತೀವೇನೆ? ಬೆನ್ಗೆ ಇಕ್ಕು."

ಮೊದಲು ನಕ್ಕವಳು ಜಯಕ್ಕ. ಆಮೇಲೆ ನನ್ನಿಂದ ನಗು ತಡೆಯಲಾಗಲಿಲ್ಲ. ವಾರಗಟ್ಟಲೆ ಕಟ್ಟಿಕೊಂಡಿದ್ದದ್ದೆಲ್ಲ ಆ ನಗುವಿನಲ್ಲಿ ಹೋಯಿತು.

ಕೊಂಡವರನ್ನೆಲ್ಲ ಎಲ್ಲಿ ಹುಡುಕುವುದು? ಅದಕ್ಕೂ ನಿಂಗಮ್ಮನೇ ದಾರಿ ತೋರಿಸಿದರು. ಹಾಲು ಹಾಕಲು ಡೇರಿಗೆ ಬರದ ಮನೆ ಯಾವುದಿದೆ? ಮಾರನೆಯ ಬೆಳಿಗ್ಗೆ ಕೊತ್ತತ್ತಿಯ ಡೇರಿಯ ಜಗಲಿಯ ಮೇಲೆ ನಾನೂ ಜಯಕ್ಕನೂ ಸಿಮ್ ಪಿನ್ನು, ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತೆವು. ಸಾಲಿನಲ್ಲಿ ಒಂದು ಕೈಯಲ್ಲಿ ಹಾಲು, ಒಂದು ಕೈಯಲ್ಲಿ ಫೋನು. ತೂತು ಬಿಡಿಸಿಕೊಟ್ಟ ಮೇಲೆ ಒಬ್ಬೊಬ್ಬರೂ ಅಲ್ಲೇ ನಿಂತು ಕೇಳಿದರು. ಬೆಲ್ಲದ ಧಾರಣೆ, ಮೈಸೂರಿನ ಬಸ್ಸು, ಮಗಳ ನಕ್ಷತ್ರಕ್ಕೆ ಹೊಂದುವ ನಕ್ಷತ್ರ. ನಾಲ್ಕೂ ಕಡೆಯಿಂದ ನನ್ನದೇ ದನಿ ಬೇರೆ ಬೇರೆ ಉತ್ತರ ಹೇಳುತ್ತಿದ್ದರೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ದೊಡ್ಡಿಯ ಸುತ್ತಲಿನ ಡೇರಿಗಳಿಗೂ ಹೀಗೇ ಹೋದೆವು. ಅಂಗಡಿಯಲ್ಲಿ ಅರಿಸಿನ ಕುಂಕುಮ ಫೋನಿನ ಬೆನ್ನಿಗೆ ಏರಿತು.

ಆಯುಧಪೂಜೆಯ ಹೊತ್ತಿಗೆ ದೊಡ್ಡಿಯೇ ಎಲ್ಲಕ್ಕಿಂತ ಮುಂದಿತ್ತು. ರಘು ಸರ್ ಫೋನಿನಲ್ಲಿ ದೊಡ್ಡಿಯ ಲೆಕ್ಕವನ್ನು ನನ್ನಿಂದ ಎರಡೆರಡು ಸಲ ಓದಿಸಿಕೊಂಡರು. ನಾವು ಗೆದ್ದೆವೆಂದೇ ನಂಬಿದ್ದೆ. ಪ್ರಕಾಶ ಜಯಕ್ಕನ ಅಂಗಡಿಗೇ ಬಂದು, ಪೂಜೆಯ ಕಡಲೆಪುರಿ ತಿಂದು, "ನಿಮ್ದೇ ದೋಸೆ ಚೆನ್ನಾಗಿತ್ತು ಬುಡಿ ಮೇಡಂ" ಎಂದು ಹೇಳಿ ಹೋಗಿದ್ದ.

ದೀಪಾವಳಿ ಕಳೆದು ಅಂಗಡಿಗೆ ಹೊಸ ಫೋನುಗಳು ಬಂದವು. ಮೊದಲ ಪೆಟ್ಟಿಗೆಯಲ್ಲಿ ಆಗಲೇ ಯಾರೋ ಕುಳಿತಿದ್ದರು. ಈ ಸಲ ಬದಲಾಯಿಸುವ ದಾರಿಯನ್ನೇ ಮುಚ್ಚಿದ್ದರು, ಜಯಕ್ಕ ಎಷ್ಟು ಒತ್ತಿದರೂ ಅವರು ಜಾಗ ಬಿಟ್ಟು ಕದಲಲಿಲ್ಲ. ಫೋನು ತಯಾರಿಸುವವರೂ ಪ್ರಕಾಶನ ಕಂಪನಿಗಿಂತಲೂ ಬಹಳ ದೊಡ್ಡದೊಂದು ಸರ್ಚ್ ಕಂಪನಿಯವರೂ ನಮಗೆ ತಿಳಿಯದ ಯಾವುದೋ ಊರಿನಲ್ಲಿ ಕುಳಿತು ಮಾತು ಮುಗಿಸಿಕೊಂಡಿದ್ದರು. ಡ್ರೈವರ್ ಕಂಡಕ್ಟರಿಗೆ ದೋಸೆ ಕೊಡುವ ಗೋಜೇ ಇಲ್ಲ, ಬಸ್ಸನ್ನೇ ಕೊಂಡುಕೊಂಡ ಮೇಲೆ. ದುಡ್ಡು ಹಾಕುವವರು ಕೈ ಎತ್ತಿದರು. ಆ ಊರಲ್ಲಿ ಯಾರಿಗೂ ಪ್ರಕಾಶನ ಗಡಿಯಾರವೂ ಬೇಕಾಗಲಿಲ್ಲ. ಒಂದೇ ತಿಂಗಳಲ್ಲಿ ಇಬ್ಬರ ಕೆಲಸವೂ ಹೋಯಿತು. ಅವನು ಈಗ ಮಂಡ್ಯದಲ್ಲಿ ಇನ್ಷೂರೆನ್ಸ್ ಮಾಡಿಸುತ್ತಾನೆ, ಸಿಕ್ಕಾಗ ಕಾಫಿ ಕುಡಿಸುತ್ತಾನೆ. ನಾನು ಅಪ್ಪ ಹೇಳಿದಂತೆ ಬಿ.ಎಡ್. ಮಾಡಿ, ತಾಳ್ಮೆಯಿಲ್ಲದ ಮೇಡಮ್ಮಾಗಿದ್ದೇನೆ. ಕೇಳಕ್ಕ ನಿಂತುಹೋದ ದಿನ ಅತ್ತಿದ್ದೆ. ಆಮೇಲೆ ದೊಡ್ಡಿಯ ಕಡೆ ತಲೆ ಹಾಕಿರಲಿಲ್ಲ.

ಆವತ್ತು ಬಸ್ಸಿಳಿದು ನೋಡಿದರೆ ಅಂಗಡಿಗೆ ಅದೇ ಬಿಳಿಚಿದ ಬೋರ್ಡು. ಜಯಕ್ಕನ ತಲೆ ನೆರೆತಿತ್ತು. ನನ್ನನ್ನು ಕಂಡವಳೇ ಎದ್ದು ಬಂದು ಕೈ ಹಿಡಿದುಕೊಂಡಳು. "ಇಸ್ಟ್ ದಿವ್ಸ ಎಲ್ಲೋಗಿದ್ಯೆ ಐನೋರ್ ಮಗ್ಳೇ" ಎಂದವಳು ನನ್ನನ್ನು ಕೂರಲೂ ಬಿಡದೆ, "ದೊಡ್ಡವ್ವ ಇಲ್ಲೇ ಬಂದವ್ಳೆ ಕಣಮ್ಮ, ನಮ್ಮನೇಲೇ ಅವ್ಳೆ" ಎಂದು ಹಿಂದಿನ ಬೀದಿಯ ಮನೆಗೆ ಕರೆದುಕೊಂಡು ಹೋದಳು.

ನಿಂಗಮ್ಮ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಅಷ್ಟಾಗಿ ಕಾಣದು. ಮೊಮ್ಮಕ್ಕಳು ಹೊಸ ಫೋನು ಕೊಡಿಸಿದ್ದಾರಂತೆ, ಅದು ಪೆಟ್ಟಿಗೆಯಲ್ಲೇ ಇದೆ. ಮಡಿಲಲ್ಲಿ ಇದ್ದದ್ದು ಆ ಹಳೆಯದೇ. ಗಾಜು ಸೀಳಿತ್ತು, ಬೆನ್ನಿನ ಮೇಲೆ ಕುಂಕುಮ ಹಸಿಯಾಗಿತ್ತು.

"ಅದ್ರಲ್ಲಿ ಈಗ ಏನೂ ಬರಲ್ವಲ್ಲ ಜಯಕ್ಕ," ಎಂದೆ ಮೆಲ್ಲಗೆ.

"ಉತ್ರ ಬರಾಕಿಲ್ಲ. ಮೊದಲ್ನೇ ಮಾತು ಮಾತ್ರ ಫೋನಲ್ಲೇ ಉಳ್ಕೊಂಡದೆ. ದಿನಾ ಬೆಳಿಗ್ಗೆ ಅದ ಒಂದ್ಸಲ ಕೇಳ್ಕೊಂಡೇ ಡೇರಿಗೋಗೋದು."

ನಾನು ನಿಂಗಮ್ಮನ ಪಕ್ಕ ಕುಳಿತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ. ಯಾರು ಬಂದದ್ದೆಂದು ಅವರಿಗೆ ತಿಳಿಯಲಿಲ್ಲ. "ಹೇಗಿದ್ದೀರಿ ಅಜ್ಜಿ?" ಎಂದೆ.

ಸುಲಿಯುತ್ತಿದ್ದ ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ. ಮಡಿಲಿನ ಫೋನು ತಡಕಿ ತೆಗೆದು, ಅದರ ಮೇಲೆ ಬೆರಳಿಟ್ಟರು.

"ಹೇಳಿ, ಏನು ಬೇಕಿತ್ತು" ಎಂದಿತು ನನ್ನ ಹಳೆಯ ದನಿ.

"ಏನೂ ಬ್ಯಾಡ ಕಣವ್ವ," ಎಂದು ಅದಕ್ಕೆ ಹೇಳಿ, ಫೋನನ್ನು ಪಕ್ಕಕ್ಕಿಟ್ಟು, ನನ್ನ ಕೈ ಹುಡುಕಿ ಹಿಡಿದುಕೊಂಡರು. "ಬಂದವ್ಳೆ."